ಚಿಕ್ಕ ಟ್ಯಾಂಕ್, ಜಗಳಗಂಟ ಮೀನು: ಜೊತೆಗೆ ಯಾರನ್ನು ಬಿಡಬಹುದು? ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರಿನ ಫ್ಲ್ಯಾಟ್‌ನಲ್ಲಿ ನಾಲ್ಕು ಚಿಕ್ಕ ಟ್ಯಾಂಕ್ ಇಟ್ಟುಕೊಂಡಿದ್ದೇನೆ. ಮನೆಗೆ ಬಂದವರು ಮೊದಲು ಮೀನು ನೋಡುತ್ತಾರೆ, ಆಮೇಲೆ ಚಹಾ ಕುಡಿಯುತ್ತಾರೆ, ಹೊರಡುವಾಗ ಚಪ್ಪಲಿ ಹಾಕಿಕೊಳ್ಳುತ್ತಾ ಒಂದು ಪ್ರಶ್ನೆ ಕೇಳುತ್ತಾರೆ. ಹೆಚ್ಚುಕಮ್ಮಿ ಎಲ್ಲರದ್ದೂ ಅದೇ ಪ್ರಶ್ನೆ. ಅದಕ್ಕೇ ಒಂದು ಕಡೆ ಬರೆದಿಡೋಣ ಅನಿಸಿತು.

ಒಂದಡಿ ಟ್ಯಾಂಕ್ ಉಂಟು, ಅದರಲ್ಲಿ ಒಂದು ಫೈಟರ್ ಉಂಟು. ಪಾಪ, ಒಂಟಿ. ಜೊತೆಗೆ ಯಾವ ಮೀನು ಬಿಡಲಿ?

ಯಾವುದನ್ನೂ ಬಿಡಬೇಡಿ.

ಬೇಜಾರಾಯಿತಾ? ಕಾರಣ ಹೇಳುತ್ತೇನೆ. ಫೈಟರ್ ಥಾಯ್ಲೆಂಡ್ ಕಡೆಯ ಗದ್ದೆ, ಹಳ್ಳ, ಜೌಗು ನೆಲದ ಮೀನು. 2019ರಲ್ಲಿ ಆ ದೇಶ ಅದನ್ನು ತನ್ನ ರಾಷ್ಟ್ರೀಯ ಜಲಚರ ಎಂದು ಘೋಷಿಸಿತು. ಗಂಡು ಫೈಟರ್ ಒಂದು ಜಾಗ ಹಿಡಿದು ಕಾಯುತ್ತದೆ. ಬೇರೆ ಗಂಡು ಬಂದರೆ ಕಿವಿರು ಅಗಲಿಸಿ, ರೆಕ್ಕೆ ಬಿಚ್ಚಿ ಹೆದರಿಸುತ್ತದೆ. ಗದ್ದೆಯಲ್ಲಾದರೆ ಸೋತವನು ಓಡಿಹೋಗುತ್ತಾನೆ, ಅಲ್ಲಿಗೆ ಜಗಳ ಮುಗಿಯಿತು. ನಿಮ್ಮ ಟ್ಯಾಂಕ್‌ನಲ್ಲಿ ಅವನು ಒಂದು ಗೇಣು ಓಡಿದರೆ ಗಾಜು ಬಂತು. ಅಟ್ಟಿಸಿಕೊಂಡು ಬಂದವನಿಗೆ ‘ಇವನು ಇನ್ನೂ ಹೋಗಿಲ್ಲ’ ಎಂದಷ್ಟೇ ಗೊತ್ತಾಗುತ್ತದೆ. ಹಾಗಾಗಿ ಮತ್ತೆ ಅಟ್ಟುತ್ತಾನೆ. ಚಿಕ್ಕ ಟ್ಯಾಂಕ್‌ನ ಜಗಳವೆಲ್ಲ ಇಷ್ಟೇ. ಮೀನು ಕೆಟ್ಟದ್ದು ಅಂತಲ್ಲ, ಸೋತವನಿಗೆ ಹೋಗಲು ಜಾಗ ಇಲ್ಲ.

ಒಂಟಿತನ ಅನ್ನುವುದು ನಮ್ಮ ಕಣ್ಣಿಗೆ ಕಾಣುವುದು. ಫೈಟರ್ ಗುಂಪಿನ ಮೀನಲ್ಲ. ಅದಕ್ಕೆ ಬೇಕಾದದ್ದು ಗಿಡ, ಮೇಲೆ ತೇಲುವ ಒಂದೆರಡು ಅಂತರಗಂಗೆ, ಮಲಗಲು ನೀರಿನ ಮೇಲ್ಮೈ ಹತ್ತಿರ ಒಂದು ಅಗಲ ಎಲೆ.

ಹಾಗಾದರೆ ಎಷ್ಟು ಲೀಟರ್ ಇದ್ದರೆ ಜೊತೆಯ ಬಗ್ಗೆ ಯೋಚಿಸಬಹುದು?

ಮೊದಲು ಟೇಪ್ ಹಿಡಿದು ಅಳೆಯಿರಿ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ 1000ದಿಂದ ಭಾಗಿಸಿದರೆ ಲೀಟರ್ ಸಿಗುತ್ತದೆ. 30×20×20 ಟ್ಯಾಂಕ್ ಅಂದರೆ 12 ಲೀಟರ್. ಅದರಲ್ಲಿ ಕಲ್ಲು, ಮರಳು, ಮೇಲೆ ಬಿಡುವ ಎರಡು ಬೆರಳು ಜಾಗ ಕಳೆದರೆ ನೀರು 9 ಲೀಟರ್ ಇದ್ದರೆ ಹೆಚ್ಚು. ಅಂಗಡಿಯವರು ‘ಹದಿನೈದು ಲೀಟರ್ ಸರ್’ ಅಂದದ್ದನ್ನು ನಂಬಿ ಲೆಕ್ಕ ಹಾಕಬೇಡಿ.

ಟೇಪ್ ಅಳತೆಯ ಲೀಟರ್‌ನಲ್ಲಿ ನನ್ನ ಲೆಕ್ಕ ಹೀಗೆ. 20 ಲೀಟರ್ ಒಳಗೆ ಇದ್ದರೆ ಒಂದು ಮೀನು, ಬೇಕಾದರೆ ಒಂದು ಬಸವನಹುಳು. 20ರಿಂದ 35ರವರೆಗೆ ಬಸವನಹುಳು, ಸಿಗಡಿ, ಅಷ್ಟೇ. 40 ದಾಟಿದರೆ ಒಂದು ಚಿಕ್ಕ ಗುಂಪು ಮೀನು ಬಿಡಬಹುದು. 45×30×30 ಟ್ಯಾಂಕ್ ಸರಿಯಾಗಿ ಇಲ್ಲಿಗೆ ಬರುತ್ತದೆ. ಒಂದೂವರೆ ಅಡಿ ಟ್ಯಾಂಕ್ ಎಂದು ಕೇಳಿದರೆ ಅದನ್ನೇ ಕೊಡುತ್ತಾರೆ. ನೀರು, ಗಾಜು, ಕಲ್ಲು ಸೇರಿ 50 ಕಿಲೋ ದಾಟುತ್ತದೆ, ಹಾಗಾಗಿ ಶೋಕೇಸ್ ಮೇಲಿಡುವ ಆಸೆ ಬಿಡಿ.

ಎತ್ತರದ ಟ್ಯಾಂಕ್ ನೋಡಲು ಚೆಂದ, ಆದರೆ ಜಗಳಗಂಟ ಮೀನಿಗೆ ಕೆಲಸಕ್ಕೆ ಬಾರದು. ಮೀನು ಅಡ್ಡಕ್ಕೆ ಓಡುತ್ತದೆ, ಲಿಫ್ಟ್‌ನ ಹಾಗೆ ಮೇಲೆ ಕೆಳಗೆ ಹೋಗುವುದಿಲ್ಲ. ದುಂಡು ಗಾಜಿನ ಬೌಲ್ ಬಗ್ಗೆ ಕೇಳಲೇಬೇಡಿ.

ಸರಿ, ಒಂದೂವರೆ ಅಡಿಯದ್ದೇ ತಂದೆ. ಈಗ ಫೈಟರ್ ಜೊತೆ ಯಾರು ಆಗುತ್ತಾರೆ?

ಇಲ್ಲಿ ಮೂರು ವಿಷಯ ನೋಡಬೇಕು. ಜೊತೆಯ ಮೀನು ಫೈಟರ್ ಹಾಗೆ ಕಾಣಬಾರದು, ಅಂದರೆ ಉದ್ದ ಬಾಲ, ಎದ್ದು ಕಾಣುವ ಬಣ್ಣ ಇರಬಾರದು. ಫೈಟರ್‌ನ ರೆಕ್ಕೆ ಕಚ್ಚುವ ಚಾಳಿ ಇರಬಾರದು. ಫೈಟರ್ ಓಡಾಡುವ ಜಾಗ ಬಿಟ್ಟು ಬೇರೆ ಮಟ್ಟದಲ್ಲಿ ಇರಬೇಕು.

ಹಾರ್ಲೆಕ್ವಿನ್ ರಾಸ್ಬೋರಾ ನನಗೆ ಎಲ್ಲಕ್ಕಿಂತ ಇಷ್ಟ. 4–5 ಸೆಂಟಿಮೀಟರ್, ಮೈಮೇಲೆ ಕಪ್ಪು ತ್ರಿಕೋನ, ಚುರುಕು. ಫೈಟರ್ ಒಂದು ಸಲ ಅಟ್ಟಿದರೆ ಸಿಗುವುದಿಲ್ಲ, ಎರಡು ದಿನದಲ್ಲಿ ಅದಕ್ಕೇ ಸಾಕಾಗುತ್ತದೆ. ನಮ್ಮ ಬಾವಿಯ ಮೃದು ನೀರೂ ಈ ಮೀನಿಗೆ ಒಗ್ಗುತ್ತದೆ. ಆರಕ್ಕಿಂತ ಕಮ್ಮಿ ತರಬೇಡಿ. ಎರಡೋ ಮೂರೋ ತಂದರೆ ಅವು ಹೆದರಿ ಮೂಲೆ ಸೇರುತ್ತವೆ, ಹೆದರಿದ ಮೀನನ್ನು ಫೈಟರ್ ಬಿಡುವುದಿಲ್ಲ. ಎಂಬರ್ ಟೆಟ್ರಾ ಇನ್ನೂ ಚಿಕ್ಕದು, 2 ಸೆಂಟಿಮೀಟರ್. ಕೆಂಡದ ಬಣ್ಣ, ಆದರೆ ಉದ್ದ ಬಾಲ ಇಲ್ಲದ್ದರಿಂದ ಪರವಾಗಿಲ್ಲ. ಎಂಟು ಹತ್ತು ಬಿಡಬಹುದು.

ತಳದಲ್ಲಿ ಓಡಾಡಲು ಕೂಲಿ ಲೋಚ್ ಚೆನ್ನಾಗಿರುತ್ತದೆ. ಹಾವಿನ ಮರಿಯ ಹಾಗೆ ಕಾಣುತ್ತದೆ, ಹಗಲಿಡೀ ಅಡಗಿರುತ್ತದೆ, ರಾತ್ರಿ ಹೊರಬರುತ್ತದೆ. ನಮ್ಮ ಅಮ್ಮ ಮೊದಲ ಸಲ ನೋಡಿ ಕಿರುಚಿದ್ದರು. ಆದರೆ ಅದಕ್ಕೂ ಗುಂಪು ಬೇಕು, ನುಣ್ಣನೆ ಮರಳು ಬೇಕು, ಹಾಗಾಗಿ ಎರಡಡಿ ಟ್ಯಾಂಕ್ ಇದ್ದರೆ ಮಾತ್ರ.

ಇನ್ನು ಬೇಡವೇ ಬೇಡ ಅನ್ನುವವು. ಗಪ್ಪಿಯ ಬಾಲ ನೋಡಿದರೆ ಫೈಟರ್‌ಗೆ ಇನ್ನೊಂದು ಗಂಡು ಬಂದ ಹಾಗೆ. ಟೈಗರ್ ಬಾರ್ಬ್ ಬಿಟ್ಟರೆ ಕಥೆ ತಿರುಗುಮುರುಗು, ಏಟು ತಿನ್ನುವುದು ಫೈಟರ್. ಗೌರಾಮಿ ಅದರದ್ದೇ ಬಳಗದ್ದು, ನೆಂಟರೊಳಗೆ ಆಸ್ತಿ ಜಗಳ ಗೊತ್ತಲ್ಲ. ಏಂಜಲ್ ಬೆಳೆದು ತಟ್ಟೆಯಷ್ಟಾಗುತ್ತದೆ. ಗೋಲ್ಡ್ ಫಿಶ್ ಈ ಗಾತ್ರದ ಯಾವ ಟ್ಯಾಂಕ್‌ಗೂ ಅಲ್ಲ, ಯಾರ ಜೊತೆಗೂ ಅಲ್ಲ.

ಇಷ್ಟೆಲ್ಲ ಸರಿಯಾಗಿ ಮಾಡಿದರೂ ಕೆಲವು ಫೈಟರ್‌ಗಳು ಯಾರನ್ನೂ ಸಹಿಸುವುದಿಲ್ಲ. ಒಂದೊಂದರ ಸ್ವಭಾವ ಒಂದೊಂದು. ಹಾಗಾಗಿ ಜೊತೆ ಬಿಡುವ ಮೊದಲು ಇನ್ನೊಂದು ಖಾಲಿ ಡಬ್ಬಿ, ಚಿಕ್ಕ ಫಿಲ್ಟರ್ ಮನೆಯಲ್ಲಿ ತಯಾರಿರಲಿ. ಅದಿಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ.

ನಿಯಾನ್ ಟೆಟ್ರಾ ಆಗುತ್ತದೆ ಅಂತ ಎಲ್ಲರೂ ಹೇಳುತ್ತಾರಲ್ಲ?

ಜಗಳದ ಲೆಕ್ಕದಲ್ಲಿ ಪರವಾಗಿಲ್ಲ, ಸೆಖೆಯ ಲೆಕ್ಕದಲ್ಲಿ ಆಗುವುದಿಲ್ಲ. ನಿಯಾನ್‌ಗೆ 26 ಡಿಗ್ರಿ ದಾಟಿದರೆ ಕಷ್ಟ. ಏಪ್ರಿಲ್–ಮೇ ತಿಂಗಳಲ್ಲಿ ನನ್ನ ಟ್ಯಾಂಕ್‌ನ ಥರ್ಮಾಮೀಟರ್ 31 ತೋರಿಸುತ್ತದೆ. ಬೇರೆ ಊರಿನವರು ‘ಫ್ಯಾನ್ ಹಾಕಿ, ನೀರು ತಣ್ಣಗಾಗುತ್ತದೆ’ ಅನ್ನುತ್ತಾರೆ. ಗಾಳಿ ಒಣಗಿದ್ದರೆ ನೀರು ಬೇಗ ಆವಿಯಾಗಿ ತಣಿಯುತ್ತದೆ. ನಮ್ಮ ಕರಾವಳಿಯ ಗಾಳಿಯಲ್ಲೇ ನೀರು ತುಂಬಿರುವಾಗ ಅಷ್ಟು ಇಳಿಯುವುದಿಲ್ಲ. ಒಂದೆರಡು ಡಿಗ್ರಿ ಇಳಿದರೆ ಪುಣ್ಯ.

ನಾನೂ ಶುರುವಿನಲ್ಲಿ ಒಂದಡಿ ಟ್ಯಾಂಕ್‌ಗೆ ಫೈಟರ್ ಜೊತೆ ಆರು ನಿಯಾನ್ ಬಿಟ್ಟಿದ್ದೆ. ‘ಏನೂ ಆಗಲ್ಲ, ತಗೊಂಡು ಹೋಗಿ’ ಅಂದಿದ್ದರು ಅಂಗಡಿಯಲ್ಲಿ. ಎಂಟನೇ ದಿನಕ್ಕೆ ಎರಡು ಉಳಿದಿದ್ದವು. ಎಷ್ಟು ಫೈಟರ್ ಕೊಂದದ್ದು, ಎಷ್ಟು ಸೆಖೆಗೆ ಹೋದದ್ದು, ಎಷ್ಟು ನೀರು ಕೆಟ್ಟು ಸತ್ತದ್ದು ಇವತ್ತಿಗೂ ಗೊತ್ತಿಲ್ಲ. ಫೈಟರ್ ಮಾತ್ರ ಹೊಟ್ಟೆ ಉಬ್ಬಿಸಿಕೊಂಡು ತಿರುಗುತ್ತಿತ್ತು.

ಎರಡು ಹೆಣ್ಣು ಫೈಟರ್ ಒಟ್ಟಿಗೆ ಇಡಬಹುದಾ?

ಬೇಡ. ಹೆಣ್ಣುಗಳೂ ಕಚ್ಚಾಡುತ್ತವೆ, ಗಂಡಿನಷ್ಟು ಜೋರಾಗಿ ಅಲ್ಲ ಅಷ್ಟೇ. ಎರಡೇ ಇದ್ದರೆ ಒಂದು ಯಜಮಾನಿ, ಇನ್ನೊಂದು ಅವಳ ಕೈಗೆ ಸಿಕ್ಕಿದವಳು. ಗಂಡು ಹೆಣ್ಣು ಒಟ್ಟಿಗೆ ಇಡುವುದಂತೂ ಮರಿ ಮಾಡಿಸುವ ಆ ಕೆಲವು ಗಂಟೆಗೆ ಮಾತ್ರ. ಮೊಟ್ಟೆ ಇಟ್ಟ ಕೂಡಲೇ ಹೆಣ್ಣನ್ನು ತೆಗೆಯದಿದ್ದರೆ ಗಂಡು ಅವಳನ್ನು ಹರಿದು ಹಾಕುತ್ತದೆ.

ಪೀ ಪಫರ್ ಅಂದರೆ ಬಟಾಣಿಯಷ್ಟು ದೊಡ್ಡ ಮೀನಂತೆ. ಅಷ್ಟು ಚಿಕ್ಕದು ಯಾರಿಗೆ ಏನು ಮಾಡೀತು?

ಈ ಪ್ರಶ್ನೆ ಬಂದಾಗಲೆಲ್ಲ ನನಗೆ ನಗು ಬರುತ್ತದೆ. ಬೆಳೆದರೂ ಸಾಮಾನ್ಯವಾಗಿ 3 ಸೆಂಟಿಮೀಟರ್ ದಾಟುವುದಿಲ್ಲ. ಹಳದಿ ಮೈ, ಕಪ್ಪು ಚುಕ್ಕೆ, ಒಂದೊಂದು ಕಣ್ಣು ಒಂದೊಂದು ಕಡೆ ತಿರುಗುತ್ತದೆ. ಗಾಜಿನ ಹತ್ತಿರ ಹೋದರೆ ಬಂದು ನಿಮ್ಮನ್ನೇ ನೋಡುತ್ತದೆ. ಮುದ್ದು ಬರದೇ ಇರುವುದಿಲ್ಲ. ಬಾಯಲ್ಲಿ ಮಾತ್ರ ಬಸವನಹುಳುವಿನ ಚಿಪ್ಪು ಒಡೆಯುವ ಹಲ್ಲು. ಗೆಳೆಯನೊಬ್ಬ ನನ್ನ ಮಾತು ಕೇಳದೆ ಅದನ್ನು ಗಪ್ಪಿಗಳ ಜೊತೆ ಬಿಟ್ಟ. ಮರುದಿನ ಬೆಳಿಗ್ಗೆ ಗಪ್ಪಿಗಳ ಬಾಲ ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಇತ್ತು.

ಇದು ಹೊರದೇಶದ್ದಲ್ಲ ಅನ್ನುವುದು ಹಲವರಿಗೆ ಗೊತ್ತಿಲ್ಲ. ನಮ್ಮದೇ ಪಶ್ಚಿಮ ಘಟ್ಟದಿಂದ ಇಳಿಯುವ ಸಿಹಿನೀರಿನ ನದಿಗಳದ್ದು. ಕೇರಳದ ಪಂಪಾ ನದಿಯಲ್ಲಿ ಸಿಕ್ಕಿದ ಮೀನು ನೋಡಿ 1941ರಲ್ಲಿ ಮೊದಲು ವರ್ಣಿಸಿದರು, ವೈಜ್ಞಾನಿಕ ಹೆಸರಲ್ಲೇ ತಿರುವಾಂಕೂರು ಉಂಟು. ಕಾಡಿನ ನೀರಿನಿಂದ ಜಾಸ್ತಿ ಹಿಡಿದು ಮಾರಿದ್ದರಿಂದ, ನದಿಗಳೂ ಕೆಟ್ಟದ್ದರಿಂದ, ಅಪಾಯದ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿದೆ. ತರುವುದಾದರೆ ಟ್ಯಾಂಕ್‌ನಲ್ಲೇ ಹುಟ್ಟಿದ ಮರಿ ಸಿಗುತ್ತದಾ ಎಂದು ಕೇಳಿ. ನದಿಯಲ್ಲಿ ಹಿಡಿದದ್ದರ ಹೊಟ್ಟೆಯಲ್ಲಿ ಹುಳ ಇರುವುದೂ ಮಾಮೂಲು, ತಿಂದರೂ ಸಣ್ಣಗಾಗುತ್ತಾ ಹೋಗುತ್ತದೆ.

ಜೊತೆ? 20 ಲೀಟರ್‌ನಲ್ಲಿ ಒಂದೇ ಪಫರ್, ಬೇರೆ ಯಾರೂ ಬೇಡ. 40–50 ಲೀಟರ್ ಇದ್ದು, ಗಿಡ ಕಾಡಿನ ಹಾಗೆ ಬೆಳೆದಿದ್ದರೆ ಅದರದ್ದೇ ಜಾತಿಯ ಐದಾರು ಬಿಡಬಹುದು, ಆದರೆ ಗಂಡು ಒಂದೇ ಇರಲಿ. ಬೆಳೆದ ಗಂಡಿನ ಹೊಟ್ಟೆಯಡಿ ಉದ್ದಕ್ಕೆ ಕಪ್ಪು ಗೆರೆ, ಕಣ್ಣಿನ ಹಿಂದೆ ಸುಕ್ಕು ಕಾಣುತ್ತದೆ. ಮರಿಯಲ್ಲಿ ಗುರುತು ಹಿಡಿಯುವುದು ಕಷ್ಟ. ಹಾಗಾಗಿ ಆರು ತಂದರೆ ಮುಂದೆ ಒಂದೆರಡನ್ನು ಬೇರೆ ಮಾಡುವ ತಯಾರಿ ಬೇಕು. ಬೇರೆ ಜಾತಿಯ ಮೀನಿನ ಜೊತೆ ‘ನನ್ನ ಪಫರ್ ಸಾಧು, ಏನೂ ಮಾಡಲ್ಲ’ ಅನ್ನುವವರು ಸಿಗುತ್ತಾರೆ. ಇರಬಹುದು. ಎಷ್ಟು ದಿನ ಅಂತ ಕೇಳಿ ನೋಡಿ.

ಊಟವೂ ತಲೆನೋವು. ಒಣ ಕಾಳು ಮೂಸಿಯೂ ನೋಡುವುದಿಲ್ಲ. ಚಿಕ್ಕ ಬಸವನಹುಳು, ಫ್ರೋಜನ್ ಬ್ಲಡ್‌ವರ್ಮ್ ಅನ್ನುವ ಕೆಂಪು ಹುಳ, ಡಾಫ್ನಿಯಾ ಅನ್ನುವ ಚಿಕ್ಕ ನೀರುಜೀವಿ ಬೇಕು. ಸೊಳ್ಳೆ ಮರಿಯನ್ನು ಬಹಳ ಇಷ್ಟಪಟ್ಟು ತಿನ್ನುತ್ತದೆ ನಿಜ. ಆದರೆ ಅದಕ್ಕೆಂದು ಬಾಲ್ಕನಿಯಲ್ಲಿ ಬಕೆಟ್ ನೀರಿಟ್ಟು ಸೊಳ್ಳೆ ಸಾಕಬೇಡಿ. ಮಳೆಗಾಲದ ಡೆಂಗಿ ನಮಗೆಲ್ಲ ಗೊತ್ತಿರುವುದೇ.

ಅಳಿವೆ ಹತ್ತಿರ ಮಕ್ಕಳು ಹಿಡಿಯುವ ಉಬ್ಬುವ ಮೀನೂ ಇದೇನಾ?

ಅಲ್ಲ. ನೇತ್ರಾವತಿ, ಫಲ್ಗುಣಿ ಸಮುದ್ರ ಸೇರುವಲ್ಲಿ ಸಿಗುವುದು ಉಪ್ಪು ಬೆರೆತ ನೀರಿನ ಬೇರೆ ಜಾತಿಗಳು. ಅವು ದೊಡ್ಡದಾಗುತ್ತವೆ, ಸಿಹಿನೀರಿನ ಚಿಕ್ಕ ಟ್ಯಾಂಕ್‌ನಲ್ಲಿ ಬಾಳುವುದಿಲ್ಲ. ಮಕ್ಕಳು ಬಾಟಲಿಯಲ್ಲಿ ತಂದಿದ್ದರೆ ಅಲ್ಲೇ ವಾಪಸ್ ಬಿಟ್ಟು ಬರಲಿ. ಹಾಗೆಯೇ ಪೀ ಪಫರ್ ಟ್ಯಾಂಕ್‌ಗೆ ಉಪ್ಪು ಹಾಕಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಇದು ಪೂರ್ತಿ ಸಿಹಿನೀರಿನ ಮೀನು.

ಗಾಜಿಗೆ ಬಾಯಿ ಅಂಟಿಸಿಕೊಂಡಿರುವ ಸಕ್ಕರ್ ಮೀನು ಒಂದನ್ನು ತಂದು ಬಿಟ್ಟರೆ ಟ್ಯಾಂಕ್ ಕ್ಲೀನ್ ಆಗುತ್ತದಂತೆ?

ಎರಡಿಂಚಿನ ಸಕ್ಕರ್ ಮುಂದೆ ಒಂದಡಿ ದಾಟಿ ಬೆಳೆಯುತ್ತದೆ. ನಿಮ್ಮ ಟ್ಯಾಂಕ್ ಉದ್ದವೇ ಒಂದಡಿ. ಪಾಚಿ ತಿನ್ನುವುದಕ್ಕಿಂತ ಜಾಸ್ತಿ ಹೇಲುತ್ತದೆ, ಕ್ಷಮಿಸಿ, ಬೇರೆ ಮಾತು ಸಿಗಲಿಲ್ಲ. ರಾತ್ರಿ ನಿಧಾನದ ಮೀನಿನ ಮೈಗೆ ಅಂಟಿ ಲೋಳೆ ಕೆರೆಯುವುದೂ ಉಂಟು. ಗಾಜಿನ ಪಾಚಿಗೆ ಹಳೆಯ ಎಟಿಎಂ ಕಾರ್ಡ್ ಸಾಕು.

ಮೀನು ಬೇಡ, ಸಿಗಡಿ ಅಥವಾ ಬಸವನಹುಳು ಆಗಬಹುದಾ?

ಚಿಕ್ಕ ಟ್ಯಾಂಕ್‌ಗೆ ನಾನು ಹೇಳುವುದೇ ಇದನ್ನು. ನೆರೈಟ್ ಬಸವನಹುಳು ಗಟ್ಟಿ ಚಿಪ್ಪಿನದ್ದು, ಪಾಚಿ ನೆಕ್ಕಿ ತಿನ್ನುತ್ತದೆ, ಸಿಹಿನೀರಿನಲ್ಲಿ ಮರಿಯಾಗುವುದಿಲ್ಲ. ಗಾಜಿನ ಮೇಲೆ ಎಳ್ಳಿನಂಥ ಬಿಳಿ ಮೊಟ್ಟೆ ಅಂಟಿಸುತ್ತದೆ, ಅದೊಂದು ಕಿರಿಕಿರಿ. ಉದ್ದ ಮೀಸೆಯ ಮಿಸ್ಟರಿ ಸ್ನೇಲ್ ಆದರೆ ಫೈಟರ್ ಅದರ ಮೀಸೆಯನ್ನು ಹುಳ ಅಂದುಕೊಂಡು ಕಚ್ಚುತ್ತದೆ. ಪಫರ್ ಟ್ಯಾಂಕ್‌ನಲ್ಲಿ ಚಿಕ್ಕ ಬಸವನಹುಳು ಬಿಟ್ಟರೆ ಅದು ಜೊತೆಗಾರ ಅಲ್ಲ, ತಿಂಡಿ.

ಸಿಗಡಿ ಅಂದರೆ ಇಲ್ಲಿ ಚೆರ್ರಿ ಶ್ರಿಂಪ್. ಪಲ್ಯಕ್ಕೆ ತರುವ ಸಿಗಡಿಯಲ್ಲ ಮಾರಾಯ್ರೆ, ಒಬ್ಬರು ಕೇಳಿದ್ದರು! ಜಾವಾ ಮಾಸ್ ಅನ್ನುವ ಹಾವಸೆಯಂಥ ಗಿಡ ದಟ್ಟವಾಗಿದ್ದರೆ ಫೈಟರ್ ಜೊತೆ ದೊಡ್ಡವು ಉಳಿಯುತ್ತವೆ, ಮರಿಗಳನ್ನು ತಿನ್ನುತ್ತದೆ. ಮೊದಲು ಸಿಗಡಿ ಬಿಟ್ಟು, ಅವು ಹೆಚ್ಚಾದ ಮೇಲೆ ಫೈಟರ್ ಬಿಡಿ.

ನಮ್ಮದು ಬಾವಿ ನೀರು. ಅದರಿಂದ ಏನಾದರೂ ತೊಂದರೆ ಉಂಟಾ?

ಮುರಕಲ್ಲಿನ (ಲ್ಯಾಟರೈಟ್) ನೆಲದ ಬಾವಿ ನೀರು ಸಾಮಾನ್ಯವಾಗಿ ಮೃದು, ಸ್ವಲ್ಪ ಹುಳಿ. ಪಿಎಚ್ 6ರ ಆಸುಪಾಸು ಬಂದರೆ ಆಶ್ಚರ್ಯ ಪಡಬೇಡಿ. ಫೈಟರ್, ರಾಸ್ಬೋರಾಗಳಿಗೆ ಇದು ಹಿಡಿಸುತ್ತದೆ. ಗಪ್ಪಿ, ಮೋಲಿಗೆ ಹಿಡಿಸುವುದಿಲ್ಲ. ಬಸವನಹುಳುವಿನ ಚಿಪ್ಪು ಸವೆದು ಬೆಳ್ಳಗಾಗುತ್ತದೆ. ಅದಕ್ಕೆ ಪಣಂಬೂರಿನಲ್ಲೋ ಮಲ್ಪೆಯಲ್ಲೋ ಹೆಕ್ಕಿದ ಒಂದು ಚಿಪ್ಪು, ಇಲ್ಲವೇ ಬೊಂಡಾಸ್ (ಸ್ಕ್ವಿಡ್) ಬಳಗದ ಕಟಲ್‌ಫಿಶ್‌ನ ಬಿಳಿ ಮೂಳೆಯ ಒಂದು ತುಂಡು ಚೆನ್ನಾಗಿ ನೆನೆಸಿ ತೊಳೆದು ಹಾಕಿ. ಒಂದೇ ಒಂದು. ಅಂದಕ್ಕೆಂದು ತಳ ತುಂಬ ಚಿಪ್ಪು ಹರಡಿದರೆ ನೀರು ಗಡಸಾಗಿ ಕಥೆಯೇ ಬೇರೆಯಾಗುತ್ತದೆ. ಕಡಲ ಮರಳಿಗೂ ಇದೇ ಮಾತು.

ಇನ್ನೊಂದು ವಿಷಯ. ಮೀನಿನ ಹೊಲಸಿನಿಂದ ಬರುವ ಅಮೋನಿಯಾವನ್ನು ತಿಂದು ನೀರು ಸರಿ ಮಾಡುವ ಬ್ಯಾಕ್ಟೀರಿಯಾ ಹುಳಿ ನೀರಿನಲ್ಲಿ ನಿಧಾನ. ಬೇರೆಯವರ ಟ್ಯಾಂಕ್ ನಾಲ್ಕು ವಾರದಲ್ಲಿ ಹದಕ್ಕೆ ಬಂದರೆ ನಿಮ್ಮದು ಆರು, ಏಳು ವಾರ ತೆಗೆದುಕೊಳ್ಳಬಹುದು. ಅಷ್ಟರೊಳಗೆ ಗುಂಪು ಮೀನು ತುಂಬಬೇಡಿ. ಎಷ್ಟೋ ಸಲ ‘ಫೈಟರ್ ಕೊಂದಿತು’ ಅನ್ನುವ ಸಾವು ನಿಜವಾಗಿ ಅಮೋನಿಯಾದ ಸಾವು. ಸತ್ತ ಮೀನನ್ನು ಫೈಟರ್ ಕಚ್ಚಿರುತ್ತದೆ, ನಾವು ಅದನ್ನು ನೋಡಿ ತೀರ್ಪು ಕೊಡುತ್ತೇವೆ.

ತುಂಬೆ ಅಣೆಕಟ್ಟಿನ ನೀರೋ, ಉಡುಪಿಯಲ್ಲಾದರೆ ಬಜೆ ಅಣೆಕಟ್ಟಿನ ನೀರೋ ನಳ್ಳಿಯಲ್ಲಿ ಬರುವುದಾದರೆ ಕ್ಲೋರಿನ್ ತೆಗೆಯಲೇಬೇಕು. ಅಂಗಡಿಯ ಆ್ಯಂಟಿ ಕ್ಲೋರಿನ್ ಹನಿ ಹಾಕಿ, ಅಥವಾ ಅಗಲ ಬಾಯಿಯ ಬಕೆಟ್‌ನಲ್ಲಿ ಒಂದು ದಿನ ತೆರೆದಿಡಿ. ಮೇ ತಿಂಗಳಲ್ಲಿ ನೀರು ದಿನ ಬಿಟ್ಟು ದಿನ ಬರುವಾಗ ಟ್ಯಾಂಕ್‌ಗೆಂದು ಒಂದು ಬಕೆಟ್ ಎತ್ತಿಡಿ. ಮನೆಯವರು ಬೈಯುತ್ತಾರೆ. ಟ್ಯಾಂಕ್‌ನಿಂದ ತೆಗೆದ ಹಳೆ ನೀರನ್ನು ಗಿಡಕ್ಕೆ ಹಾಕಿ ತೋರಿಸಿ.

ಬಾದಾಮಿ ಎಲೆ ಹಾಕಿದರೆ ಜಗಳ ಕಮ್ಮಿಯಾಗುತ್ತದಾ?

ಮದ್ದು ಅಲ್ಲ, ಆದರೆ ಸಹಾಯ ಆಗುತ್ತದೆ. ನಮ್ಮಲ್ಲಿ ಶಾಲೆಯ ಅಂಗಳದಲ್ಲಿ ಇರುವ ಕಾಡು ಬಾದಾಮಿ ಮರದ್ದೇ ಎಲೆ, ಅಂಗಡಿಯಲ್ಲಿ ಪ್ಯಾಕೆಟ್ ಮಾಡಿ ದುಡ್ಡಿಗೆ ಮಾರುತ್ತಾರೆ. ತಾನಾಗಿ ಉದುರಿ ಒಣಗಿದ ಎಲೆ ಹೆಕ್ಕಿ ತೊಳೆದು ಹಾಕಿ. ನೀರು ಚಹಾ ಬಣ್ಣಕ್ಕೆ ತಿರುಗುತ್ತದೆ, ಬೆಳಕು ಕಮ್ಮಿಯಾಗುತ್ತದೆ, ಮೀನಿನಿಂದ ಮೀನಿಗೆ ಮರೆ ಸಿಗುತ್ತದೆ. ನೀರನ್ನು ಇನ್ನಷ್ಟು ಹುಳಿ ಮಾಡುವುದರಿಂದ ಬಾವಿ ನೀರಿನವರು ಅರ್ಧ ಎಲೆಯಿಂದ ಶುರು ಮಾಡಿ. ರಸ್ತೆ ಬದಿಯ ಧೂಳಿನ ಎಲೆ, ಔಷಧಿ ಹೊಡೆದ ತೋಟದ ಎಲೆ ಬೇಡ.

ಹೊಸ ಮೀನನ್ನು ಬಿಡುವುದು ಹೇಗೆ? ಸುಮ್ನೆ ಕವರ್ ಬಿಚ್ಚಿ ಸುರಿದರೆ ಆಯ್ತಲ್ವಾ?

ಜಗಳಗಂಟನನ್ನು ಯಾವಾಗಲೂ ಕೊನೆಗೆ ಬಿಡಿ. ಮೊದಲು ಬಂದವನಿಗೆ ಟ್ಯಾಂಕ್ ತನ್ನದು ಅನಿಸುತ್ತದೆ. ಫೈಟರ್ ಈಗಾಗಲೇ ಇದ್ದರೆ ಅದನ್ನು ಒಂದೆರಡು ದಿನ ಬೇರೆ ಡಬ್ಬಿಯಲ್ಲಿಟ್ಟು, ಕಲ್ಲು, ಕಟ್ಟಿಗೆ, ಗಿಡ ಎಲ್ಲವನ್ನೂ ಜಾಗ ಬದಲಿಸಿ, ಹೊಸಬರನ್ನು ಬಿಟ್ಟು, ಆಮೇಲೆ ಫೈಟರ್ ಬಿಡಿ. ಬಾಡಿಗೆ ಮನೆ ಬದಲಿಸಿದ ಹಾಗೆ, ಅದಕ್ಕೂ ಎಲ್ಲ ಹೊಸದು. ಗಡಿ ಮತ್ತೆ ಹಾಕಬೇಕು, ಆ ಗಲಿಬಿಲಿಯಲ್ಲಿ ಜಗಳ ಕಮ್ಮಿ.

ಹೊಸ ಮೀನನ್ನು ಎರಡು ವಾರವಾದರೂ ಬೇರೆ ಇಟ್ಟು ಬಿಳಿ ಚುಕ್ಕೆ, ರೆಕ್ಕೆ ಕೊಳೆತ ಇಲ್ಲವೆಂದು ನೋಡಿಕೊಳ್ಳಿ. ಬಿಡುವ ದಿನ ಲೈಟ್ ಆರಿಸಿ. ಭಾನುವಾರ ಬೆಳಿಗ್ಗೆ ಬಿಡಿ, ಆಫೀಸಿಗೆ ಹೊರಡುವ ಮುಂಚೆ ಅಲ್ಲ. ಆ ದಿನ ಟ್ಯಾಂಕ್ ಎದುರು ನೀವು ಕೂತಿರಬೇಕು.

ಜಗಳ ಮಿತಿ ಮೀರಿದೆ ಅಂತ ತಿಳಿಯುವುದು ಹೇಗೆ?

ಮೊದಲ ದಿನ ಸ್ವಲ್ಪ ಅಟ್ಟುವುದು, ಕಿವಿರು ಉಬ್ಬಿಸುವುದು ಮಾಮೂಲು. ಮೀನು ತಿನ್ನಲು ಬರುತ್ತಿದೆಯಾ ನೋಡಿ. ಕಾಳು ಹಾಕಿದಾಗಲೂ ಒಂದು ಮೀನು ಫಿಲ್ಟರ್ ಹಿಂದೆಯೇ ಉಳಿದರೆ, ಬಣ್ಣ ಕಳೆದುಕೊಂಡರೆ, ರೆಕ್ಕೆ ಮೈಗೆ ಅಂಟಿಸಿಕೊಂಡು ಮೂಲೆಯಲ್ಲಿ ನಿಂತರೆ ಅದನ್ನು ಅವತ್ತೇ ತೆಗೆಯಿರಿ. ಬಾಲ ಹರಿಯುವವರೆಗೆ ಕಾಯಬೇಡಿ. ಟ್ಯಾಂಕ್ ನಡುವೆ ಜಾಲರಿ ಹಾಕಿ ಎರಡು ಭಾಗ ಮಾಡುವವರಿದ್ದಾರೆ. ಒಂದೂವರೆ ಅಡಿಯಲ್ಲಿ ತಾತ್ಕಾಲಿಕಕ್ಕೆ ಸರಿ, ಒಂದಡಿಯಲ್ಲಿ ಅದು ಎರಡು ಜೈಲು ಕೋಣೆ.

ಮಳೆಗಾಲದಲ್ಲಿ ಕರೆಂಟ್ ಹೋದರೆ?

ಫೈಟರ್ ಮೇಲೆ ಬಂದು ಗಾಳಿ ಕುಡಿಯುತ್ತದೆ, ಅದಕ್ಕೆ ಚಿಂತೆ ಇಲ್ಲ. ಜೊತೆಯ ರಾಸ್ಬೋರಾಗಳಿಗೆ ಆ ಅನುಕೂಲ ಇಲ್ಲ. ಬ್ಯಾಟರಿಯ ಏರ್ ಪಂಪ್, ಸ್ಪಂಜ್ ಫಿಲ್ಟರ್ ಇಟ್ಟುಕೊಳ್ಳಿ. ಕರೆಂಟ್ ಇಲ್ಲದಾಗ ಕಾಳು ಹಾಕಬೇಡಿ. ಮುಚ್ಚಳ ಮಾತ್ರ ತೆಗೆದಿಡಬೇಡಿ, ಫೈಟರ್ ಹಾರುತ್ತದೆ.

ಸಾಕಾಯಿತು, ಇಡಲು ಆಗುತ್ತಿಲ್ಲ. ಕೆರೆಗೋ ನದಿಗೋ ಬಿಡಬಹುದಾ?

ಬೇಡ, ದಯವಿಟ್ಟು. ಹೀಗೆ ಬಿಟ್ಟ ಸಕ್ಕರ್ ದೇಶದ ಎಷ್ಟೋ ಕೆರೆ ನದಿಗಳಲ್ಲಿ ಊರ ಮೀನಿನ ಜಾಗ ಹಿಡಿದು ಕೂತಿದೆ. ಪೀ ಪಫರ್ ನಮ್ಮ ಘಟ್ಟದ್ದೇ ಆದರೂ ಅಂಗಡಿಯಿಂದ ತಂದದ್ದನ್ನು ನದಿಗೆ ಬಿಡಬಾರದು, ಟ್ಯಾಂಕ್‌ನ ರೋಗ ನದಿಯ ಮೀನಿಗೆ ಅಂಟುತ್ತದೆ. ತಂದ ಅಂಗಡಿಯಲ್ಲೇ ಕೇಳಿ, ದುಡ್ಡು ಕೊಡದಿದ್ದರೂ ಮೀನನ್ನು ಹೆಚ್ಚಾಗಿ ವಾಪಸ್ ತೆಗೆದುಕೊಳ್ಳುತ್ತಾರೆ. ಇಲ್ಲವೇ ಮೀನು ಸಾಕುವ ಗೆಳೆಯರಿಗೆ ಕೊಡಿ. ನನ್ನ ನಾಲ್ಕು ಟ್ಯಾಂಕ್‌ಗಳಲ್ಲಿ ಎರಡು ಹಾಗೆ ಬಂದವೇ. ಒಂದರಲ್ಲಿ ಫೈಟರ್, ಇನ್ನೊಂದರಲ್ಲಿ ಗೆಳೆಯನ ಆ ಪಫರ್. ಎರಡೂ ಒಂಟಿ, ಎರಡೂ ದಪ್ಪ.